19 ಹೈಡ್ರೋಜನ್, ಒಂದು ಕಡಲೆಕಾಳು: ಪಿಯುಸಿ ಮಗಳಿಗೆ ಕೊಂಡ ಕೆಮಿಸ್ಟ್ರಿ ಕಿಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಬಣ್ಣದ ಗುಂಡುಗಳಿಗೆ ಕಡ್ಡಿ ಸಿಕ್ಕಿಸಿ ಅಣುಗಳ ಆಕಾರ ಮಾಡಿ ನೋಡುವ ಈ ಕಿಟ್‌ಗೆ ಕೊಟ್ಟ 480 ರೂಪಾಯಿ ದಂಡ ಆಗಲಿಲ್ಲ. ಆದರೆ ಇದೊಂದು ಇದ್ದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ, ಅಂದರೆ ಕಾರ್ಬನ್ ಸಂಯುಕ್ತಗಳ ಕೆಮಿಸ್ಟ್ರಿ, ನೀರು ಕುಡಿದಷ್ಟು ಸುಲಭ ಅಂತ ಡಬ್ಬದ ಮೇಲೆ ಹಾಕಿದ್ದಾರಲ್ಲ, ಅದನ್ನು ಮಾತ್ರ ನಂಬಬೇಡಿ. ಎರಡು ವರ್ಷದ ಪಿಯುಸಿ ಸಿಲಬಸ್‌ನಲ್ಲಿ ಈ ಕಿಟ್ ಕೆಲಸಕ್ಕೆ ಬರುವುದು ಮೂರೋ ನಾಲ್ಕೋ ಕಡೆ. ಆ ಮೂರು ನಾಲ್ಕು ಕಡೆ ಮಾತ್ರ ಇದಿಲ್ಲದೆ ಒದ್ದಾಡಿ ಸಾಯಬೇಕು, ನಾನು ಒದ್ದಾಡಿದವನೇ.

ನಾವಿರುವುದು ತಿಪಟೂರಿನಲ್ಲಿ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಹತ್ತನೇ ಕ್ಲಾಸಿನಲ್ಲಿ ಕಾರ್ಬನ್ ಮತ್ತು ಅದರ ಸಂಯುಕ್ತಗಳು ಅಂತ ಒಂದು ಪಾಠ ಇತ್ತು, ಅದನ್ನು ಚೆನ್ನಾಗಿಯೇ ಓದಿದ್ದಳು. ಪಿಯುಸಿಗೆ ಬಂದಳು ನೋಡಿ, ಭಾಷೆ ಬೇರೆ, ಪುಸ್ತಕ ದಪ್ಪ, ಹಾಳೆ ತುಂಬ ಆರು ಮೂಲೆಯ ಗೆರೆಗಳು. ಕಾರ್ಬನ್ ಅಂತ ಬರೆದೂ ಇರುವುದಿಲ್ಲ, ಗೆರೆ ಎಲ್ಲಿ ತಿರುಗುತ್ತದೋ ಅಲ್ಲಿ ಒಂದು ಕಾರ್ಬನ್ ಇದೆ ಅಂತ ನಾವೇ ಅಂದುಕೊಳ್ಳಬೇಕು. "ಇದೇನಪ್ಪ, ಚುಕ್ಕಿನೇ ಇಲ್ದೆ ರಂಗೋಲಿ ಹಾಕಿದ್ದಾರೆ" ಅಂದಳು. ನಮ್ಮಮ್ಮ ಪಕ್ಕದಲ್ಲೇ ಕೂತಿದ್ದರು. ಆರ್ಗ್ಯಾನಿಕ್ ಅಂದರೆ ಸಾವಯವ ಅಂತ ಮೊಮ್ಮಗಳು ಹೇಳಿದ್ದಕ್ಕೆ, "ಅದನ್ನ ಕಲಿಯೋಕೆ ಕಾಲೇಜ್ಯಾಕೆ, ಕೊಟ್ಟಿಗೆ ಗೊಬ್ಬರ ಹಾಕೋಕೆ ಬಂದ್ರೆ ಸಾಲ್ದಾ" ಅಂದರು. ಅವರ ತಪ್ಪೂ ಇಲ್ಲ, ಅಂಗಡಿಯಲ್ಲಿ ಸಾವಯವ ಬೆಲ್ಲ ಅಂತಲೇ ಮಾರುತ್ತಾರಲ್ಲ.

ನಾನೂ ಪಿಯುಸಿ ಸೈನ್ಸ್ ಓದಿದವನು, 1996ರಲ್ಲಿ. ನಮ್ಮ ಕಾಲದಲ್ಲಿ ಮೀಥೇನ್ ಅಂದರೆ ಬೋರ್ಡಿನ ಮೇಲೆ ಒಂದು ಪ್ಲಸ್ ಗುರುತು. ನಡುವೆ ಸಿ, ನಾಲ್ಕು ತುದಿಗೆ ನಾಲ್ಕು ಎಚ್. ಟೆಟ್ರಾಹೆಡ್ರಲ್ (ನಾಲ್ಕು ಮುಖದ ಗೋಪುರದ ಆಕಾರ), ಕೋನ 109.5 ಡಿಗ್ರಿ ಅಂತ ಬಾಯಿಪಾಠ ಮಾಡಿದ್ದೆ, ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ, ಆದರೆ ತಲೆಯೊಳಗೆ ಇದ್ದದ್ದು ಆ ಚಪ್ಪಟೆ ಪ್ಲಸ್ಸೇ. ಒಂದು ಟೆಸ್ಟ್‌ನಲ್ಲಿ ಡೈಕ್ಲೋರೋಮೀಥೇನ್‌ಗೆ ಎಷ್ಟು ರಚನೆ ಅಂತ ಕೇಳಿದ್ದರು. ನಾನು 2 ಅಂತ ಬರೆದೆ. ಮೀಥೇನಿನ ಎರಡು ಎಚ್ ಜಾಗಕ್ಕೆ ಬಂದ ಎರಡು ಕ್ಲೋರಿನ್ ಅಕ್ಕಪಕ್ಕ ಇರುವುದೊಂದು, ಎದುರುಬದುರು ಇರುವುದೊಂದು. ಮಾರ್ಕ್ಸ್ ಹೋಯಿತು. ಯಾಕೆ ಹೋಯಿತು ಅಂತ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಈ ಕಿಟ್ ಬಂದ ದಿನ ನಾನು ಮೊದಲು ಮಾಡಿದ್ದು ಅದನ್ನೇ. ಕಾರ್ಬನ್ನಿಗೆ ಕರಿ ಗುಂಡು ಒಂದು, ಹೈಡ್ರೋಜನ್ನಿಗೆ ಬಿಳಿ ಎರಡು, ಕ್ಲೋರಿನ್ನಿಗೆ ಹಸಿರು ಎರಡು. ಅಕ್ಕಪಕ್ಕ ಸಿಕ್ಕಿಸಿದೆ. ತೆಗೆದು ಎದುರುಬದುರು ಸಿಕ್ಕಿಸೋಣ ಅಂತ ನೋಡಿದರೆ, ಎದುರುಬದುರು ಅನ್ನುವುದೇ ಇಲ್ಲ! ನಾಲ್ಕು ತೂತಲ್ಲಿ ಯಾವ ಎರಡನ್ನು ಆರಿಸಿಕೊಂಡರೂ ಅವು ಅಕ್ಕಪಕ್ಕದವೇ. ಹೇಗೆ ಸಿಕ್ಕಿಸಿದರೂ ತಿರುಗಿಸಿದರೆ ಅದೇ ಅಣು. ಅಷ್ಟು ವರ್ಷದ ಅನುಮಾನ ಎರಡು ನಿಮಿಷದಲ್ಲಿ ಬಗೆಹರಿಯಿತು. ಮಗಳು "ಇಷ್ಟಕ್ಕೆ ಇಷ್ಟೊಂದು ಖುಷೀನಾ ಅಪ್ಪ" ಅಂತ ನಕ್ಕಳು. ನಗಲಿ.

ಕಿಟ್ ತರುವುದಕ್ಕೆ ಮುಂಚೆ ಬಿಟ್ಟಿಯಲ್ಲಿ ಮಾಡೋಣ ಅಂತ ನೋಡಿದ್ದೂ ಆಯ್ತು. ತಿಪಟೂರಲ್ಲಿ ತೆಂಗಿನ ಗರಿಗೇನು ಬರ, ಪೊರಕೆ ಕಡ್ಡಿ ಬೇಕಾದಷ್ಟು ಇದೆ. ಆಲೂಗಡ್ಡೆ ತುಂಡು ಕಾರ್ಬನ್, ನೆನೆಸಿದ ಕಡಲೆಕಾಳು ಹೈಡ್ರೋಜನ್. ಮೀಥೇನ್ ಚೆನ್ನಾಗಿ ಬಂತು. ಎರಡು ಕಾರ್ಬನ್ನಿನ ಈಥೇನ್ ಸ್ವಲ್ಪ ಬಗ್ಗಿತು. ನಾಲ್ಕು ಕಾರ್ಬನ್ನಿನ ಬ್ಯುಟೇನ್ ಎತ್ತಿದ ಕೂಡಲೇ ನಡು ಮುರಿದುಕೊಂಡು ಬಿತ್ತು. ಕೋನ ಅಂತೂ ಕಣ್ಣಂದಾಜು, ಎರಡು ಸಲ ಮಾಡಿದರೆ ಎರಡು ತರಹ. ಮೂರನೇ ದಿನ ನೋಡಿದರೆ ಮೀಥೇನ್ ಮೊಳಕೆ ಒಡೆದಿತ್ತು. ನನ್ನ ಹೆಂಡತಿ ಅದನ್ನೆಲ್ಲ ಬಾಚಿ ತೆಗೆದು, "ಹುಳಿಗೆ ಹಾಕೋದನ್ನ ಪಾಠಕ್ಕೆ ಹಾಕ್ಬೇಡಿ, 500 ರೂಪಾಯಿ ಬಿಚ್ಚಿ" ಅಂದಳು. ಹಾಗೆ ಬಂತು ಕಿಟ್.

ಡಬ್ಬದಲ್ಲಿ ಏನಿದೆ ಅಂದರೆ, ಕಾರ್ಬನ್ ಕರಿ ಗುಂಡು 12, ಹೈಡ್ರೋಜನ್ ಬಿಳಿ 20, ಆಕ್ಸಿಜನ್ ಕೆಂಪು 6, ನೈಟ್ರೋಜನ್ ನೀಲಿ 2, ಕ್ಲೋರಿನ್ನಿಗೆ ಹಸಿರು 4, ಬ್ರೋಮಿನ್ನಿಗೆ ಕಂದು 2. ಒಂಟಿ ಬಂಧಕ್ಕೆ ಗಟ್ಟಿ ಗಿಡ್ಡ ಕಡ್ಡಿ, ಜೋಡಿ ಬಂಧಕ್ಕೆ ಬಗ್ಗುವ ಉದ್ದ ಕೊಳವೆ. ಗುಂಡಿನ ಬಣ್ಣ ಇವರು ಸುಮ್ನೆ ಹಾಕಿದ್ದಲ್ಲ, ಅದಕ್ಕೊಂದು ಕತೆ ಇದೆ. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಹಾಫ್‌ಮನ್ ಅನ್ನುವ ಜರ್ಮನ್ ರಸಾಯನ ವಿಜ್ಞಾನಿ ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಚುಚ್ಚಿ ಅಣುಗಳನ್ನು ಮಾಡಿ ತೋರಿಸಿದ್ದರು. ಕಾರ್ಬನ್ ಕರಿ, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು, ಇವೆಲ್ಲ ಆಗಿನವೇ. ನನಗೆ ಖುಷಿ ಕೊಟ್ಟ ವಿಷಯ ಇನ್ನೊಂದು. ಹಾಫ್‌ಮನ್ ಮಾಡಿದ ಮೀಥೇನೂ ಚಪ್ಪಟೆ! ನನ್ನ ಹಾಗೇ ಪ್ಲಸ್ ಗುರುತು. ಅವರಿಗೆ ಯಾರೂ ಮಾರ್ಕ್ಸ್ ಕಳೆದಿರಲಿಕ್ಕಿಲ್ಲ ಬಿಡಿ.

ಕಾರ್ಬನ್ ಹಾಗೆ ಚಪ್ಪಟೆ ಅಲ್ಲ, ಅದರ ನಾಲ್ಕು ಕೈ ನಾಲ್ಕು ದಿಕ್ಕಿಗೆ ಚಾಚಿಕೊಂಡಿವೆ ಅಂತ 1874ರಲ್ಲಿ ಹೇಳಿದವರು ವಾಂಟ್ ಹಾಫ್ ಮತ್ತು ಲೆ ಬೆಲ್ ಅನ್ನುವ ವಿಜ್ಞಾನಿಗಳು, ಇಬ್ಬರೂ ಬೇರೆ ಬೇರೆಯಾಗಿ. ವಾಂಟ್ ಹಾಫ್‌ಗೆ ಆಗ 22 ವರ್ಷ. ಕಾಗದ ಮಡಚಿ ಪುಟ್ಟ ಟೆಟ್ರಾಹೆಡ್ರನ್‌ಗಳನ್ನು ಮಾಡಿ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಕಳಿಸಿದ್ದರು. ಕೋಲ್ಬೆ ಅನ್ನುವ ಹಿರಿಯ ರಸಾಯನ ವಿಜ್ಞಾನಿ ಇದನ್ನು ಕಂಡು ಉರಿದುಬಿದ್ದು, ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡುವ ಹುಡುಗ ಅಂತೆಲ್ಲ ಹಂಗಿಸಿ ಬರೆದರು. 1901ರಲ್ಲಿ ಕೆಮಿಸ್ಟ್ರಿಯ ಮೊಟ್ಟಮೊದಲ ನೊಬೆಲ್ ಬಂದದ್ದು ಆ ಹುಡುಗನಿಗೇ, ಬೇರೆ ಕೆಲಸಕ್ಕೆ ಬಂತು ಅನ್ನುವುದು ಬೇರೆ ಮಾತು. ಫೀನಾಲ್ ಪಾಠದಲ್ಲಿ ಕೋಲ್ಬೆ ರಿಯಾಕ್ಷನ್ ಅಂತ ಬರುತ್ತದಲ್ಲ, ಅದು ಈ ಕೋಲ್ಬೆಯದೇ. ಅಮೀನ್ ಪಾಠದ ಹಾಫ್‌ಮನ್ ಬ್ರೋಮಮೈಡ್ ರಿಯಾಕ್ಷನ್ ಆ ಚೆಂಡಿನ ಹಾಫ್‌ಮನ್‌ದು. ಇದನ್ನು ಹೇಳಿದ ಮೇಲೆ ಮಗಳು ಆ ಎರಡು ಹೆಸರು ಮರೆತಿಲ್ಲ. ಉಳಿದವನ್ನು ಮರೆಯುತ್ತಾಳೆ.

ಈಗ ಕಿಟ್ ನಿಜವಾಗಿ ಗೆದ್ದ ಜಾಗಕ್ಕೆ ಬರುತ್ತೇನೆ. ಸೆಕೆಂಡ್ ಪಿಯುಸಿಯಲ್ಲಿ ಆರ್ಗ್ಯಾನಿಕ್ ಶುರುವಾಗುವುದೇ ಹ್ಯಾಲೋಆಲ್ಕೇನ್ ಪಾಠದಿಂದ, ಅಲ್ಲೇ ಕೈರಲ್ ಕಾರ್ಬನ್ ಎದುರಿಗೆ ಬಂದು ನಿಲ್ಲುತ್ತದೆ. ಒಂದು ಕಾರ್ಬನ್‌ಗೆ ನಾಲ್ಕು ಬೇರೆ ಬೇರೆ ಗುಂಪು ಅಂಟಿಕೊಂಡಿದ್ದರೆ ಅದರ ಕನ್ನಡಿ ಬಿಂಬ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಓದೋಕೆ ಒಂದೇ ಸಾಲು. ಪುಸ್ತಕದಲ್ಲಿ ದಪ್ಪ ಬೆಣೆ ಗೆರೆ ಅಂದರೆ ನಮ್ಮ ಕಡೆಗೆ, ತುಂಡು ಗೆರೆ ಅಂದರೆ ಆಚೆಗೆ ಅಂತ ಬರೆದಿರುತ್ತಾರೆ. ಮಗಳು ಪುಸ್ತಕವನ್ನೇ ಓರೆ ಮಾಡಿ, ತಲೆ ಕೆಳಗೆ ಮಾಡಿ ನೋಡಿದಳು. ಎರಡೂ ಒಂದೇ ಅಲ್ವಾ, ತಿರುಗಿಸಿದರೆ ಸರಿಹೋಗುತ್ತೆ ಅಂತ ಹಟ.

ಸರಿ, ಕೈರಲ್ ಕಾರ್ಬನ್ ಇರುವ ಬ್ಯುಟೇನ್-2-ಆಲ್ ಎರಡು ಮಾಡೋಣ, ಒಂದು ಇನ್ನೊಂದರ ಕನ್ನಡಿ ಬಿಂಬ ಆಗಲಿ ಅಂದೆ. ಒಂದಕ್ಕೆ ಕಾರ್ಬನ್ 4, ಹೈಡ್ರೋಜನ್ 10, ಆಕ್ಸಿಜನ್ 1. ಎರಡಕ್ಕೆ ಬಿಳಿ ಗುಂಡು ಸರಿಯಾಗಿ 20 ಬೇಕು, ಡಬ್ಬದ ಮೇಲೂ 20 ಅಂತಲೇ ಇದೆ. ಎಣಿಸಿ ಮಾಡಿದ ಹಾಗಿದೆ ಅಂದುಕೊಂಡೆ. ಕೊನೆಯದಕ್ಕೆ ಬಂದರೆ ಗುಂಡಿಲ್ಲ. ಮಂಚದ ಕೆಳಗೆ, ಚಾಪೆ ಕೆಳಗೆ, ಅಮ್ಮನ ಎಲೆ ಅಡಿಕೆ ಚೀಲದೊಳಗೆ, ಎಲ್ಲಾ ಹುಡುಕಿದ್ದಾಯ್ತು. ಬಂದಿದ್ದೇ 19. ಕೊನೆಗೆ ಅಡುಗೆಮನೆಗೆ ಹೋಗಿ ನೆನೆಸಿದ ಕಡಲೆಕಾಳು ಒಂದನ್ನು ತಂದು ಕಡ್ಡಿಗೆ ಚುಚ್ಚಿದೆವು. 20ನೇ ಹೈಡ್ರೋಜನ್.

ಅದೇ ಹೊತ್ತಿಗೆ ಕರೆಂಟ್ ಹೋಯ್ತು. ಮಗಳು ಮೊಬೈಲ್ ಟಾರ್ಚ್ ಹಾಕಿದಳು, ಗೋಡೆ ಮೇಲೆ ಅಣುವಿನ ನೆರಳು ಬಿತ್ತು. ಟಾರ್ಚ್ ಕಡೆಗಿದ್ದ ಗುಂಡಿನ ನೆರಳು ದೊಡ್ಡದು, ಮಬ್ಬು. ಗೋಡೆ ಕಡೆಗಿದ್ದದ್ದು ಚಿಕ್ಕದು, ಅಂಚು ಚೊಕ್ಕ. ಅವಳು ಒಂದು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ, "ಅಪ್ಪ, ದೊಡ್ಡ ನೆರಳು ಬೆಣೆ ಗೆರೆ, ಚಿಕ್ಕದು ತುಂಡು ಗೆರೆ" ಅಂದಳು. ನಾನು ಹೇಳಿಕೊಟ್ಟಿದ್ದಲ್ಲ, ಕಿಟ್‌ನ ಕಾಗದದಲ್ಲೂ ಇಲ್ಲ. ಕರೆಂಟ್ ಬರುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ನಾಲ್ಕೈದು ಚಿತ್ರ ಬರೆದಿದ್ದಳು, ಎಲ್ಲಾ ಸರಿಯಾಗಿದ್ದವು.

ಎರಡೂ ಅಣುಗಳನ್ನು ಒಂದರ ಮೇಲೊಂದು ಕೂರಿಸಲು ಅರ್ಧ ಗಂಟೆ ಕಾದಾಡಿದಳು. ಓಎಚ್ (ಆಕ್ಸಿಜನ್ ಹೈಡ್ರೋಜನ್ ಸೇರಿದ ಗುಂಪು) ಮತ್ತು ಎಚ್ ಕೂಡಿಸಿದರೆ ಮೀಥೈಲ್ (ಒಂದು ಕಾರ್ಬನ್ನಿನ ಗುಂಪು) ಇರಬೇಕಾದ ಕಡೆ ಈಥೈಲ್ (ಎರಡು ಕಾರ್ಬನ್ನಿನದು). ಅವೆರಡನ್ನು ಕೂಡಿಸಿದರೆ ಓಎಚ್ ಕೈಕೊಡುತ್ತದೆ. ಕೊನೆಗೆ ಬಾಗಿಲ ಬಳಿ ಹೋಗಿ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಬಂದು, "ಹಿಂಗಲ್ವಾ?" ಅಂದಳು. ಹಿಂಗೇ.

ಇದು ಪರೀಕ್ಷೆಗೆ ಮಾತ್ರ ಇರುವ ವಿಷಯ ಅಂತ ಅಂದುಕೊಳ್ಳಬೇಡಿ. ಕಾರ್ವೋನ್ ಅಂತ ಒಂದು ವಸ್ತು ಇದೆ, ಸಿ10ಎಚ್14ಓ. ಅದರ ಒಂದು ರೂಪಕ್ಕೆ ಸ್ಪಿಯರ್‌ಮಿಂಟ್ ವಾಸನೆ, ಅಂದರೆ ಪುದೀನದ ಬಳಗದ್ದು. ಅದರ ಕನ್ನಡಿ ಬಿಂಬಕ್ಕೆ ಕ್ಯಾರವೇ ವಾಸನೆ, ಅದು ಜೀರಿಗೆ ಕಡೆಯ ನೆಂಟ. ಪರಮಾಣು ಅವೇ, ಬಂಧ ಅವೇ, ಎಡ ಬಲ ಮಾತ್ರ ಬೇರೆ. ನಮ್ಮ ಮೂಗಿಗೆ ಆ ಎಡ ಬಲ ತಿಳಿಯುತ್ತದೆ! ಇದನ್ನು ಕಿಟ್‌ನಲ್ಲಿ ಮಾಡಬಹುದು, ಕಾರ್ಬನ್ 10 ಸಾಕು, ಆದರೆ ಒಂದು ಸಲಕ್ಕೆ ಒಂದೇ. ಜೋಡಿ ಬೇಕು ಅಂದರೆ ಎರಡು ಕಿಟ್ ಬೇಕು.

ಎರಡನೇ ಗೆಲುವು ಎಸ್‌ಎನ್2, ಅಂದರೆ ಕಾರ್ಬನ್ನಿನ ಮೇಲಿದ್ದ ಗುಂಪನ್ನು ಇನ್ನೊಂದು ಬಂದು ಒಂದೇ ಏಟಿಗೆ ಎಬ್ಬಿಸುವ ರಿಯಾಕ್ಷನ್. ಬ್ರೋಮಿನ್ ಕೂತಿರುವ ಕಾರ್ಬನ್‌ಗೆ ಓಎಚ್ ಹಿಂದಿನಿಂದ ಬಂದು ಗುದ್ದುತ್ತದೆ, ಬ್ರೋಮಿನ್ ಮುಂದಿನಿಂದ ಹೊರಡುತ್ತದೆ, ಮಿಕ್ಕ ಮೂರು ಗುಂಪು ಗಾಳಿಗೆ ಕೊಡೆ ಮಗುಚಿದ ಹಾಗೆ ಆಚೆ ಕಡೆಗೆ ವಾಲುತ್ತವೆ. ಪುಸ್ತಕದಲ್ಲೂ ಕೊಡೆಯ ಮಾತೇ ಇದೆ, ಆದರೆ ಓದುವುದು ಬೇರೆ, ಕಂದು ಗುಂಡು ಕಿತ್ತು ಎದುರು ದಿಕ್ಕಿಗೆ ಕೆಂಪು ಗುಂಡು ಇಟ್ಟು ನೋಡುವುದು ಬೇರೆ. ಆಮೇಲೆ 2-ಬ್ರೋಮೋ-2-ಮೀಥೈಲ್‌ಪ್ರೊಪೇನ್ ಮಾಡಿ, ಹಿಂದಿನಿಂದ ಬೆರಳು ತೂರಿಸಲು ನೋಡು ಅಂದೆ. ಮೂರು ಕಡೆ ಮೂರು ಮೀಥೈಲ್, ಒಂಬತ್ತು ಬಿಳಿ ಗುಂಡು ಅಡ್ಡ. ಹಬ್ಬದ ದಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದ ಹಾಗೆ. ಹೀಗೆ ಮೂರು ಕಾರ್ಬನ್ ಸುತ್ತುವರಿದ ಟರ್ಷಿಯರಿಯಲ್ಲಿ ಎಸ್‌ಎನ್2 ಯಾಕೆ ನಡೆಯುವುದಿಲ್ಲ ಅಂತ ಆಮೇಲೆ ಬಾಯಿಪಾಠ ಮಾಡಬೇಕಾಗಲಿಲ್ಲ.

ಆದರೆ ಇಲ್ಲೇ ಕಿಟ್ ಕೈ ಎತ್ತುವುದೂ. ಎಸ್‌ಎನ್1 ಅನ್ನುವ ಇನ್ನೊಂದು ದಾರಿಯಲ್ಲಿ ಬ್ರೋಮಿನ್ ಮೊದಲೇ ಹೊರಟು ಹೋಗುತ್ತದೆ, ಉಳಿಯುವ ಕಾರ್ಬೋಕ್ಯಾಟಯಾನ್ (ಪ್ಲಸ್ ಚಾರ್ಜ್ ಇರುವ ಕಾರ್ಬನ್) ಚಪ್ಪಟೆ, ಕೋನ 120 ಡಿಗ್ರಿ, ಅದಕ್ಕೇ ಓಎಚ್ ಯಾವ ಕಡೆಯಿಂದಲಾದರೂ ಬರಬಹುದು. ಈ ಕಿಟ್‌ನಲ್ಲಿ ಎಲ್ಲಾ ಕಾರ್ಬನ್ನಿಗೂ ನಾಲ್ಕೇ ತೂತು, ಅದೇ 109.5ರ ಕೋನ. ಬ್ರೋಮಿನ್ ಕಿತ್ತರೆ ಮಿಕ್ಕ ಮೂರು ಮುಕ್ಕಾಲಿಯ ಕಾಲಿನ ಹಾಗೆ ಬಗ್ಗಿಯೇ ನಿಂತಿರುತ್ತವೆ. ಮಗು ಇದನ್ನೇ ನೋಡಿ ಕಲಿತರೆ ತಪ್ಪು ಕಲಿಯುತ್ತದೆ. ಚಪ್ಪಟೆ ಮೂರು ತೂತಿನ ಗುಂಡು ಎರಡೇ ಎರಡು ಕೊಟ್ಟಿದ್ದರೆ ಸಾಕಿತ್ತು. ಸ್ವಲ್ಪ ದುಬಾರಿ ಕಿಟ್‌ಗಳಲ್ಲಿ ಕೊಡುತ್ತಾರೆ. ಕೊಳ್ಳುವಾಗ ಇದೊಂದನ್ನು ತಪ್ಪದೆ ನೋಡಿಕೊಳ್ಳಿ.

ಬೆಂಜೀನ್‌ದೂ ಇದೇ ಗೋಳು. ಆರು ಕಾರ್ಬನ್ನಿನ ಉಂಗುರ ಅದು, ಒಂದು ಗಿಡ್ಡ ಕಡ್ಡಿ, ಒಂದು ಜೊತೆ ಬಗ್ಗುವ ಕೊಳವೆ, ಮತ್ತೆ ಗಿಡ್ಡ ಕಡ್ಡಿ. ನೋಡೋಕೆ ಚೆನ್ನಾಗಿದೆ. ಆದರೆ ನಿಜವಾದ ಬೆಂಜೀನ್‌ನಲ್ಲಿ ಆರೂ ಬಂಧ ಒಂದೇ ಉದ್ದ, 139 ಪಿಕೋಮೀಟರ್, ಒಂಟಿಯ 154ಕ್ಕೂ ಜೋಡಿಯ 134ಕ್ಕೂ ನಡುವೆ. ಕಿಟ್‌ನ ಬೆಂಜೀನ್ ಅದನ್ನು ತೋರಿಸುವುದಿಲ್ಲ. ನೀಲಿ ನೈಟ್ರೋಜನ್‌ಗೆ ಮೂರೇ ತೂತು, ಹಾಗಾಗಿ ಅಮೋನಿಯಾ, ಮೀಥೈಲ್ ಅಮೀನ್ ಸರಿ, ನಾಲ್ಕು ಬಂಧ ಬೇಕಾದ ನೈಟ್ರೋ ಗುಂಪು ಬಂದರೆ ಕೈ ಕಟ್ಟಿ ಕೂರಬೇಕು. ಗ್ಲೂಕೋಸ್ ಒಂದು ಮಾಡಬಹುದು, ಆರು ಕೆಂಪು ಗುಂಡೂ ಅದಕ್ಕೇ ಖರ್ಚು. ನಾಲ್ಕು ಕೈರಲ್ ಕಾರ್ಬನ್ ಇರುವ ಆ ಉದ್ದ ಸರಪಳಿಯನ್ನು ಕೈಯಲ್ಲಿ ಹಿಡಿದು, ಇದರ ಓಎಚ್‌ಗಳನ್ನು ಎಡ ಬಲ ಮಾಡಿದರೆ ಒಟ್ಟು 16 ಬೇರೆ ಬೇರೆ ಸಕ್ಕರೆ ಆಗುತ್ತವೆ ಅಂತ ಹೇಳಿದಾಗ ಅಮ್ಮ ಕೇಳಿದ್ದು ಒಂದೇ, ಅದರಲ್ಲಿ ನನ್ನ ಶುಗರ್ ಯಾವುದು ಅಂತ. ಕೈಯಲ್ಲಿರುವುದೇ ಅಮ್ಮ.

ಇನ್ನು ವಿಜ್ಞಾನಿಗಳ ಹೆಸರಿನ ರಿಯಾಕ್ಷನ್‌ಗಳು. ಸ್ಯಾಂಡ್‌ಮೇಯರ್, ವುರ್ಟ್ಸ್, ಫಿಂಕೆಲ್‌ಸ್ಟೀನ್, ವಿಲಿಯಮ್‌ಸನ್, ರೀಮರ್-ಟೀಮನ್, ರೋಸೆನ್‌ಮುಂಡ್, ಕ್ಲೆಮೆನ್‌ಸನ್, ಕ್ಯಾನಿಝಾರೋ, ಮುಗಿಯುವುದೇ ಇಲ್ಲ, ಮದುವೆ ಮನೆಯ ಉಡುಗೊರೆ ಪಟ್ಟಿ ಇದ್ದ ಹಾಗೆ. ಇವಕ್ಕೆ ಕಿಟ್ ನಯಾಪೈಸೆ ಉಪಯೋಗ ಇಲ್ಲ. ಯಾವುದಕ್ಕೆ ಯಾವ ಕಾರಕ, ಏನು ಹೋಗಿ ಏನು ಬಂತು, ಬರೆದು ಬರೆದೇ ಕೂರಿಸಬೇಕು. ಮಗಳು ಬೀರುವಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ, ಬಟ್ಟೆ ತೆಗೆಯುವಾಗೆಲ್ಲ ಒಂದು ಓದಬೇಕು ಅಂತ ತನಗೇ ನಿಯಮ. ಪ್ರಾಕ್ಟಿಕಲ್ ಕೂಡ ಹಾಗೇ, ಫೆರಿಕ್ ಕ್ಲೋರೈಡ್ ಹಾಕಿದರೆ ಫೀನಾಲ್ ನೇರಳೆ ಆಗುವುದು, ಟೋಲೆನ್ಸ್ ಪರೀಕ್ಷೆಯಲ್ಲಿ ಪ್ರನಾಳದ ಗೋಡೆ ಕನ್ನಡಿ ಆಗುವುದು, ಅದನ್ನೆಲ್ಲ ಲ್ಯಾಬಿನಲ್ಲೇ ನೋಡಬೇಕು.

ಈಗ ದೂರು. ಒಂದು ಗುಂಡು ಕಡಿಮೆ ಬಂದಿದೆ ಅಂತ ಮಾರಿದವರಿಗೆ ಫೋಟೋ ಸಮೇತ ಬರೆದೆ. ಮೂರು ದಿನ ಆದ ಮೇಲೆ ಉತ್ತರ ಬಂತು, ಡಬ್ಬ ತೆರೆಯುವಾಗಿನ ವಿಡಿಯೋ ಇದೆಯಾ ಅಂತ. ಕೆಮಿಸ್ಟ್ರಿ ಕಿಟ್ ಬಿಚ್ಚುವುದನ್ನು ಯಾರು ವಿಡಿಯೋ ಮಾಡುತ್ತಾರೆ ಸ್ವಾಮಿ, ಸೀಮಂತವಾ ಇದು? ಇಲ್ಲ ಅಂದೆ. ಮುಂದಿನ ಖರೀದಿಗೆ 25 ರೂಪಾಯಿ ಕೂಪನ್ ಕಳಿಸಿದರು. ನನಗೆ ಬೇಕಿದ್ದದ್ದು ಒಂದು ಬಿಳಿ ಗುಂಡು. ಜೊತೆಗೆ ಬಂದ ಕಾಗದದಲ್ಲಿ ಅಸಿಟಿಕ್ ಆಸಿಡ್ ಚಿತ್ರದಲ್ಲಿ ಒಂದು ಕಾರ್ಬನ್‌ಗೆ ಐದು ಕಡ್ಡಿ ಬರೆದಿದ್ದಾರೆ. ಕಂಡುಹಿಡಿದಿದ್ದು ಮಗಳೇ. ಸಿಟ್ಟು ಬಂದರೂ, ಅವಳಿಗೆ ಅದು ತಪ್ಪು ಅಂತ ತಕ್ಷಣ ಹೊಳೆಯಿತಲ್ಲ ಅಂತ ಸಮಾಧಾನವೂ ಆಯ್ತು. ಕಾಗದ ಪೂರ್ತಿ ಇಂಗ್ಲಿಷ್. ಹತ್ತರವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ, ಒಂದು ಪುಟ ಕನ್ನಡ ಹಾಕಿದ್ದರೆ ಗಂಟೇನು ಹೋಗುತ್ತಿತ್ತು?

ಪ್ಲಾಸ್ಟಿಕ್ ಗುಣಮಟ್ಟ ಪರವಾಗಿಲ್ಲ. ಗಿಡ್ಡ ಕಡ್ಡಿ ಮೊದಲ ವಾರ ಸಿಕ್ಕಾಪಟ್ಟೆ ಬಿಗಿ, ಹಲ್ಲಿನಲ್ಲಿ ಕಚ್ಚಿ ಎಳೆಯಬೇಡಿ ಅಂತ ದಿನಾ ಹೇಳಬೇಕಾಯಿತು. ಅದರಲ್ಲಿ ಎರಡು ತೂತಿನೊಳಗೇ ಮುರಿದು ಕೂತಿವೆ, ಹಾಗಾಗಿ ಈಗ ಸರಿ ಇರುವ ಕಾರ್ಬನ್ 10. ಬಗ್ಗುವ ಕೊಳವೆ ಮೂರು ತಿಂಗಳಲ್ಲಿ ಸಡಿಲ ಆದವು, ಈಥೀನ್ ಎತ್ತಿದರೆ ಕಳಚಿಕೊಳ್ಳುತ್ತದೆ.

ಕೊಳ್ಳುವುದಾದರೆ ಯಾವಾಗ ಅಂದರೆ, ಎಸ್ಸೆಸ್ಸೆಲ್ಸಿ ಮುಗಿದು ಕಾಲೇಜು ಶುರುವಾಗುವ ನಡುವಿನ ರಜೆಯಲ್ಲಿ. ಫಸ್ಟ್ ಪಿಯುಸಿಯ ಹೈಡ್ರೋಕಾರ್ಬನ್ ಪಾಠಕ್ಕೇ ಬೇಕಾಗುತ್ತದೆ, ಬ್ಯುಟೇನ್ ಮತ್ತು ಐಸೋಬ್ಯುಟೇನ್, ಬ್ಯುಟ್-2-ಈನ್‌ನ ಸಿಸ್ ಮತ್ತು ಟ್ರಾನ್ಸ್ (ಗುಂಪುಗಳು ಒಂದೇ ಬದಿ, ಎದುರು ಬದಿ), ಈಥೇನ್ ತಿರುಗುವುದು, ಎಲ್ಲಾ ಅಲ್ಲೇ ಬರುತ್ತವೆ. ನಾವು ಸೆಕೆಂಡ್ ಪಿಯುಸಿಯ ಆಗಸ್ಟ್‌ನಲ್ಲಿ ತಂದೆವು, ತಡ ಆಯ್ತು. ಜನವರಿಯಲ್ಲಿ ತರುವವರು ತರಲೇಬೇಡಿ, ಆ ಹೊತ್ತಿಗೆ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದೇ ಮೇಲು. ದುಡ್ಡು ಹಾಕೋದು ಬೇಡ ಅನ್ನುವವರು ವಾಂಟ್ ಹಾಫ್ ದಾರಿ ಹಿಡಿಯಿರಿ. ಹಳೇ ಮದುವೆ ಪತ್ರಿಕೆಯ ದಪ್ಪ ಕಾಗದದಲ್ಲಿ ಮೂರೂ ಬದಿ ಸಮ ಇರುವ ತ್ರಿಕೋನ ಕತ್ತರಿಸಿ, ಪ್ರತಿ ಬದಿಯ ನಡುವೆ ಗುರುತು ಹಾಕಿ, ಗುರುತುಗಳನ್ನು ಸೇರಿಸುವ ಗೆರೆ ಮೇಲೆ ಮಡಚಿದರೆ ಮೂರು ಮೂಲೆ ಒಂದಾಗಿ ಟೆಟ್ರಾಹೆಡ್ರನ್ ಆಗುತ್ತದೆ. ನಾಲ್ಕು ತುದಿಗೆ ನಾಲ್ಕು ಬಣ್ಣ ಹಚ್ಚಿ, ಕನ್ನಡಿ ನೋಡಿಕೊಂಡು ಇನ್ನೊಂದು ಮಾಡಿ. ಕೈರಲ್ ಪಾಠಕ್ಕೆ ಅಷ್ಟೇ ಸಾಕು.

ನನ್ನ ಲೆಕ್ಕದಲ್ಲಿ 5ಕ್ಕೆ 3.5. ಚಪ್ಪಟೆ ಕಾರ್ಬನ್ ಇಲ್ಲದ್ದಕ್ಕೆ 1 ಕಳೆದೆ, ಆ ಐದು ಕಡ್ಡಿಯ ಚಿತ್ರಕ್ಕೂ ಕೂಪನ್‌ಗೂ ಸೇರಿ ಅರ್ಧ. ಯಾರಾದರೂ ಇದನ್ನೇ ತರಿಸುವುದಾದರೆ ಡಬ್ಬ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಬಿಳಿ ಗುಂಡು ಎಣಿಸುವುದು ಅದರಲ್ಲಿ ಸರಿಯಾಗಿ ಕಾಣಿಸಲಿ.